ಸುಟ್ಟ ರಿಯೋಸ್ಟಾಟ್ ಮತ್ತು ಒಂದು ವಾಟಿನ ಲೆಕ್ಕ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಶಾಲೆ ಹುಟ್ಟಿದ ಕಥೆ, ದಾನಿಗಳ ಸ್ಮರಣೆ, ಗಡಿನಾಡಿನ ಕನ್ನಡದ ಸ್ಥಿತಿಗತಿ ಇಂತಹ ಯಾವುದಾದರೊಂದು ವಿಷಯವನ್ನು ಅವರು ನನ್ನಿಂದ ನಿರೀಕ್ಷಿಸಿದ್ದರೆಂದು ಬಲ್ಲೆ. ಅವುಗಳನ್ನು ಬರೆಯಲು ನನಗಿಂತ ಸಮರ್ಥರು ಈ ಸಂಚಿಕೆಯಲ್ಲಿಯೇ ಇದ್ದಾರೆ. ನಾನು ಬರೆಯಹೊರಟಿರುವುದು ನಮ್ಮ ಶಾಲೆಯ ವಿಜ್ಞಾನದ ಬೀರುವಿನ ಕೆಳಗಿನ ಅರೆಯಲ್ಲಿ ನಲವತ್ತೆರಡು ವರ್ಷಗಳಿಂದ ಬಿದ್ದಿರುವ ಸುಟ್ಟ ಉಪಕರಣವೊಂದರ ಕುರಿತು. ಅದರ ಜೊತೆಗೆ, ಆ ಉಪಕರಣದ ಕಾರಣದಿಂದ ಒಬ್ಬ ವಿದ್ಯಾರ್ಥಿಗೆ ನನ್ನಿಂದಾದ ಅನ್ಯಾಯದ ಕುರಿತು. ವಿಷಯ ಸ್ವಲ್ಪ ಲೆಕ್ಕದ್ದು. ಹಳೆಯ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ತೂಕಡಿಸಿದಂತೆ ಇಲ್ಲಿಯೂ ತೂಕಡಿಸಿದರೆ ನಾನು ಸೀಮೆಸುಣ್ಣ ಎಸೆಯಲಾರೆ.

ಹೊಸೂರು ಸೀಮೆಯ ನಮಗೆ ಜಿಲ್ಲೆಗಳು ಬದಲಾದವು, ಊರು ಬದಲಾಗಲಿಲ್ಲ. ನಾನು ಹುಟ್ಟಿದಾಗ ಇದು ಸೇಲಂ ಜಿಲ್ಲೆ. ಹೈಸ್ಕೂಲಿನಲ್ಲಿದ್ದಾಗ, 1965ರಲ್ಲಿ, ಧರ್ಮಪುರಿ. ಮುಖ್ಯೋಪಾಧ್ಯಾಯನಾಗಿದ್ದಾಗ, 2004ರಲ್ಲಿ, ಕೃಷ್ಣಗಿರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂಬುದು ಇಲ್ಲಿನ ಸಾಮಾನ್ಯ ಸಂಸಾರ. ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಎರಡು ವರ್ಷ ಶಿಕ್ಷಕರ ತರಬೇತಿ ಪಡೆದು, 1977ರಲ್ಲಿ ಈ ಶಾಲೆಗೆ ಸೇರಿದೆ. ಆಗ ಶಾಲೆಗೆ ಎರಡು ವರ್ಷ. ಎಂಟನೆಯ ತರಗತಿಯವರೆಗೆ ಗಣಿತ ಮತ್ತು ವಿಜ್ಞಾನ ಎರಡೂ ನನ್ನ ಪಾಲಿಗೆ ಬಂದವು. ಕಾಲೇಜಿನ ಮೆಟ್ಟಿಲು ಹತ್ತದವನಿಗೆ ಭೌತಶಾಸ್ತ್ರ ಎಂದರೆ ಪಠ್ಯಪುಸ್ತಕದಲ್ಲಿ ಅಚ್ಚಾದಷ್ಟೇ. ಓಮನ ನಿಯಮ ಗೊತ್ತಿತ್ತು, ಜೂಲನ ನಿಯಮ ಗೊತ್ತಿತ್ತು. ಅವೆರಡೂ ಒಂದೇ ತಂತಿಯಲ್ಲಿ ಏಕಕಾಲಕ್ಕೆ ಕೆಲಸ ಮಾಡುತ್ತವೆ ಎಂಬುದು ಮಾತ್ರ ಬಾಯಿಪಾಠವಾಗಿತ್ತೇ ಹೊರತು ಮನಸ್ಸಿಗೆ ಇಳಿದಿರಲಿಲ್ಲ.

1982ರಲ್ಲಿ ಊರಿನ ಹಿರಿಯರು ಚಂದಾ ಎತ್ತಿ ಕೊಟ್ಟ ಹಣದಲ್ಲಿ ನಾನೇ ಬೆಂಗಳೂರಿಗೆ ಹೋಗಿ, ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳನ್ನು ಸುತ್ತಿ, ಒಂದಷ್ಟು ಸಾಮಾನು ತಂದೆ. ಅವುಗಳಲ್ಲಿ ಒಂದು ರಿಯೋಸ್ಟಾಟ್. ಮೊಣಕೈ ಉದ್ದದ ಪಿಂಗಾಣಿ ಕೊಳವೆಯ ಮೇಲೆ ಒತ್ತೊತ್ತಾಗಿ ಸುತ್ತಿದ ತಂತಿ; ಅದರ ಮೇಲ್ಭಾಗದಲ್ಲಿ ಹಿತ್ತಾಳೆಯ ಸರಳು; ಆ ಸರಳಿನ ಮೇಲೆ ಜಾರುವ ಕರಿಯ ಗುಂಡಿ. ಗುಂಡಿಯನ್ನು ಸರಿಸಿದಂತೆ ವಿದ್ಯುತ್ತು ಹಾಯಬೇಕಾದ ತಂತಿಯ ಉದ್ದ ಹೆಚ್ಚುಕಡಿಮೆಯಾಗಿ, ರೋಧವೂ ಹೆಚ್ಚುಕಡಿಮೆಯಾಗುತ್ತದೆ. ಕಾಲಿನ ಬಳಿಯ ತಗಡಿನ ಮೇಲೆ ‘100 ಓಮ್, 1 ಆಂಪಿಯರ್’ ಎಂದು ಅಚ್ಚಾಗಿತ್ತು. ಬೆಲೆ ನೂರ ಇಪ್ಪತ್ತು ರೂಪಾಯಿ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಿಬೆಲೆ ದಾಟಿ ಬಂದದ್ದು ಇನ್ನೂ ನೆನಪಿದೆ; ಪಕ್ಕದ ಪ್ರಯಾಣಿಕರು ಅದು ಯಾವ ದೇವರ ಸಾಮಾನೆಂದು ಕೇಳಿದ್ದರು.

ಮರುವರ್ಷ ವಿಜ್ಞಾನ ವಸ್ತುಪ್ರದರ್ಶನ. ಶಾಲಾ ತನಿಖಾಧಿಕಾರಿಗಳು ಬರುವವರಿದ್ದರು. ಸಿನಿಮಾ ಟೆಂಟಿನಲ್ಲಿ ದೀಪ ಮೆಲ್ಲಮೆಲ್ಲನೆ ಆರುವುದನ್ನು ಮಕ್ಕಳಿಗೆ ತೋರಿಸಬೇಕೆಂಬುದು ನನ್ನ ಬಯಕೆ. ಟ್ರ್ಯಾಕ್ಟರಿನ 12 ವೋಲ್ಟಿನ ಬ್ಯಾಟರಿಯೊಂದನ್ನು ಎರವಲು ತಂದೆ. ಅದೇ ಟ್ರ್ಯಾಕ್ಟರಿನ 45 ವಾಟಿನ ಮುಂದೀಪದ ಬಲ್ಬನ್ನೂ ತಂದೆ. ಬ್ಯಾಟರಿ, ರಿಯೋಸ್ಟಾಟ್, ಬಲ್ಬು ಮೂರನ್ನೂ ಸರಣಿಯಲ್ಲಿ ಜೋಡಿಸಿದೆ. ತಂತಿ ತಡೆಯುತ್ತದೆಯೇ ಎಂಬ ಪ್ರಶ್ನೆ ನನಗೆ ಹೊಳೆಯದೆ ಇರಲಿಲ್ಲ. ರಾತ್ರಿ ಕುಳಿತು ಲೆಕ್ಕ ಹಾಕಿದೆ. ಒಂದು ಆಂಪಿಯರಿನ ವರ್ಗವನ್ನು ನೂರು ಓಮಿನಿಂದ ಗುಣಿಸಿದರೆ ನೂರು ವಾಟ್. ಬಲ್ಬು ನಲವತ್ತೈದೇ ವಾಟ್. ನೂರು ವಾಟಿನ ಉಪಕರಣಕ್ಕೆ ನಲವತ್ತೈದು ವಾಟಿನ ಬಲ್ಬು ಯಾವ ಲೆಕ್ಕ ಎಂದು ನೆಮ್ಮದಿಯಿಂದ ಮಲಗಿದೆ.

ಗುಂಡಿ ಸರಿಸುವ ಕೆಲಸಕ್ಕೆ ಎಂಟನೆಯ ತರಗತಿಯ ಒಬ್ಬ ಹುಡುಗನನ್ನು ಆರಿಸಿದೆ. ಮಾತು ಕಡಿಮೆ, ಕೈ ಸೂಕ್ಷ್ಮ. ಅವನ ತಂದೆ ಒಂದೂವರೆ ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆಹುಳು ಸಾಕುತ್ತಿದ್ದವರು. ಹುಳು ಸಾಕಿದ ಮನೆಯ ಮಕ್ಕಳ ಕೈ ಹಾಗೆಯೇ ಇರುತ್ತದೆ. ಅವನಿಗೆ ನಾನು ಹೇಳಿದ್ದು ಇಷ್ಟು: ‘ಮೆಲ್ಲಗೆ ಸರಿಸು. ತೀರಾ ಕೊನೆಗೆ ಬಡಿಯಬೇಡ, ಕೂದಲೆಳೆಯಷ್ಟು ಹಿಂದೆ ನಿಲ್ಲಿಸು.’

ನೂರು ಓಮಿನ ರೋಧಕ್ಕೆ ಅಂತಹ ಬಲ್ಬು ಹೊಂದುವುದೇ ಇಲ್ಲವೆಂಬುದು ಈಗ ತಿಳಿದಿದೆ. ಗುಂಡಿ ಮುಕ್ಕಾಲು ದಾರಿ ಬಂದರೂ ದೀಪ ಕಣ್ಣು ತೆರೆಯಲಿಲ್ಲ. ಕೊನೆಯ ಎರಡು ಬೆರಳಿನ ಅಂತರದಲ್ಲಿ ಕೆಂಪಾಗಿ, ಆಮೇಲೆ ಹಳದಿಯಾಗಿ ಬೆಳಗಿತು. ಹುಡುಗ ನಾನು ಹೇಳಿದಂತೆ ಕೊನೆಗೆ ಬಡಿಯದೆ, ಅರ್ಧ ಸೆಂಟಿಮೀಟರು ಹಿಂದೆ ನಿಲ್ಲಿಸಿದ. ತನಿಖಾಧಿಕಾರಿಗಳು ಮೆಚ್ಚಿ, ಹಾಗೆಯೇ ಇರಲಿ ಎಂದು ಸನ್ನೆ ಮಾಡಿ, ಪಕ್ಕದ ಮೇಜಿನ ಹೂವಿನ ಭಾಗಗಳ ಚಿತ್ರವನ್ನು ನೋಡತೊಡಗಿದರು. ಅವರು ಹೂವಿನಿಂದ ಹಿಂದಿರುಗುವಷ್ಟರಲ್ಲಿ ಹೊಗೆ ಎದ್ದಿತು. ಗುಂಡಿಯ ಪಕ್ಕದ ಕೆಲವೇ ಸುತ್ತುಗಳ ತಂತಿ ಕೆಂಡದಂತೆ ಕೆಂಪಾಗಿ, ಚಟ್ಟೆಂದು ತುಂಡಾಯಿತು. ಉಳಿದ ಅಷ್ಟೂ ತಂತಿ ತಣ್ಣಗಿತ್ತು.

ಹತ್ತಾರು ಜನರ ಎದುರಿನಲ್ಲಿ ನನಗಾದ ಅವಮಾನವನ್ನು ನಾನು ಆ ಹುಡುಗನ ಮೇಲೆ ತೀರಿಸಿಕೊಂಡೆ. ‘ನಿನಗೆ ಹೇಳಿದ್ದೇನು, ನೀನು ಮಾಡಿದ್ದೇನು’ ಎಂದು ಗದರಿ, ಎರಡು ಏಟು ಕೊಟ್ಟು, ಪ್ರದರ್ಶನ ಮುಗಿಯುವವರೆಗೆ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ದಾಸ್ತಾನು ಪುಸ್ತಕದಲ್ಲಿ ನನ್ನ ಕೈಯಿಂದಲೇ ಬರೆದೆ: ‘ರಿಯೋಸ್ಟಾಟ್ 1 – ವಿದ್ಯಾರ್ಥಿಯ ಅಜಾಗರೂಕತೆಯಿಂದ ಸುಟ್ಟಿದೆ. ರೂ. 40 ವಸೂಲು.’ ಮೂರನೆಯ ದಿನ ಅವನ ತಂದೆ ಬಂದರು. ಗೂಡು ಮಾರಿದ ಹಣದಲ್ಲಿ ನಲವತ್ತು ರೂಪಾಯಿಯನ್ನು ವಲ್ಲಿಯ ಅಂಚಿನಲ್ಲಿ ಗಂಟು ಕಟ್ಟಿ ತಂದಿದ್ದರು. ಅದನ್ನು ಬಿಚ್ಚುತ್ತಾ ಅವರು ಹೇಳಿದ ಮಾತು: ‘ಹುಡುಗ ನಾನು ಮಾಡಿಲ್ಲ ಅಂತಾನೆ. ನಾನು ಹೇಳ್ದೆ, ಮೇಷ್ಟ್ರು ಸುಳ್ಳು ಹೇಳ್ತಾರೇನ್ಲಾ ಅಂತ.’ ಹಣವನ್ನು ನಾನು ಎಣಿಸಿಕೊಂಡೆ.

ಆ ಹುಡುಗ ಎಂಟನೆಯದು ಮುಗಿಸಿ ಹೋದ. ಹೈಸ್ಕೂಲಿನ ನಂತರ ಐ.ಟಿ.ಐ. ಸೇರಿದನೆಂದೂ, ಆಮೇಲೆ ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದನೆಂದೂ ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ನಾನು 2008ರಲ್ಲಿ ನಿವೃತ್ತನಾದೆ. ರಿಯೋಸ್ಟಾಟ್ ಮಾತ್ರ ನಿವೃತ್ತಿಯಾಗದೆ ಬೀರುವಿನಲ್ಲೇ ಉಳಿಯಿತು.

ಕಳೆದ ವರ್ಷ, 2024ರ ಆಯುಧಪೂಜೆಯ ಮರುದಿನ, ಕಾರ್ಖಾನೆಯಲ್ಲಿ ಕೊಟ್ಟ ಕಡಲೆಪುರಿಯ ಪೊಟ್ಟಣವನ್ನು ಹಿಡಿದುಕೊಂಡು ಒಬ್ಬರು ಮನೆಯ ಬಾಗಿಲಿಗೆ ಬಂದರು. ತಲೆ ಅರ್ಧ ನರೆತಿತ್ತು. ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು. ವಾಹನಗಳಿಗೆ ಸೆನ್ಸರ್ ತಯಾರಿಸುವ ಒಂದು ಘಟಕದಲ್ಲಿ ಪರೀಕ್ಷಾ ವಿಭಾಗವನ್ನು ನೋಡಿಕೊಳ್ಳುತ್ತಿರುವುದಾಗಿ ಹೇಳಿದರು. ಬಂದ ಉದ್ದೇಶ ಕೇಳಿ ಸಂತೋಷವಾಯಿತು. ಸುವರ್ಣ ಮಹೋತ್ಸವದ ವಸ್ತುಪ್ರದರ್ಶನದಲ್ಲಿ ತಮ್ಮ ಕಾರ್ಖಾನೆಯ ಸ್ಥಾನಸಂವೇದಕಗಳನ್ನು ಇಟ್ಟು, ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೇ ವಿವರಿಸಬೇಕೆಂಬುದು ಅವರ ಆಸೆ. ಇಂಗ್ಲಿಷಿನ ವಿವರ ಹಾಳೆಯಲ್ಲಿದ್ದ ಒಂದು ಪದ ಅವರನ್ನು ತಡೆದಿತ್ತು.

‘ಪವರ್ ರೇಟಿಂಗ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯಲಿ ಸಾರ್?’

‘ವಿದ್ಯುತ್ ಸಾಮರ್ಥ್ಯ ಎಂದು ಬರೆಯಪ್ಪಾ’ ಎಂದೆ, ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಅಭ್ಯಾಸದಿಂದ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾಮರ್ಥ್ಯ ಅಂದರೆ ಏನಾದರೂ ಮಾಡುವ ಶಕ್ತಿ ಅಲ್ಲವಾ ಸಾರ್? ಇದು ಏನೂ ಮಾಡುವುದಿಲ್ಲ. ತಾಳಿಕೊಳ್ಳುತ್ತದೆ’ ಎಂದರು.

ಆಮೇಲಿನ ಎರಡು ಗಂಟೆ ನಾನು ಶಿಷ್ಯನಾದೆ. ಕೇಳಿದ್ದನ್ನು ನನ್ನ ಮಾತಿನಲ್ಲಿ ಇಲ್ಲಿ ಬರೆಯುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈ ಕಾರ್ಖಾನೆಗಳಲ್ಲಿಯೇ ದುಡಿಯುತ್ತಿರುವುದರಿಂದ ತಪ್ಪಿದ್ದರೆ ತಿದ್ದಿಯಾರು.

ದೀಪದ ಬುರುಡೆಯ ಮೇಲೆ 60 ವಾಟ್ ಎಂದು ಬರೆದಿದ್ದರೆ, ಸರಿಯಾದ ವೋಲ್ಟ್ ಕೊಟ್ಟಾಗ ಅದು 60 ವಾಟನ್ನು ನಿಜವಾಗಿಯೂ ಬಳಸುತ್ತದೆ ಎಂದರ್ಥ. ರೇಡಿಯೋ ರಿಪೇರಿ ಅಂಗಡಿಯಲ್ಲಿ ದೊರೆಯುವ ಅರ್ಧ ವಾಟಿನ ರೋಧಕದ ಮಾತು ಹಾಗಲ್ಲ. ಅದು ಅರ್ಧ ವಾಟನ್ನು ಬಳಸುತ್ತದೆ ಎಂದಲ್ಲ; ಅರ್ಧ ವಾಟಿನಷ್ಟು ಶಾಖ ತನ್ನಲ್ಲಿ ಹುಟ್ಟಿದರೂ, ಹಾಳಾಗದೆ ಅದನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡಬಲ್ಲದು ಎಂದು. ಎಷ್ಟು ಹುಟ್ಟುತ್ತದೆ ಎಂಬುದು ನಾವು ಕೊಡುವ ವೋಲ್ಟಿನ ಮೇಲೆ ನಿಂತಿದೆ. ಒಂದೇ ‘ವಾಟ್’ ಎಂಬ ಪದ ಒಂದು ಕಡೆ ಊಟದ ಪ್ರಮಾಣ, ಇನ್ನೊಂದು ಕಡೆ ಹೊರುವ ಭಾರದ ಮಿತಿ. ಜೇಮ್ಸ್ ವಾಟನ ಹೆಸರನ್ನು ಈ ಮಾನಕ್ಕೆ ಇಡಬೇಕೆಂದು ವಿಲಿಯಂ ಸೀಮೆನ್ಸ್ 1882ರಲ್ಲಿ ಸೂಚಿಸಿದಾಗ, ಒಂದು ಶತಮಾನದ ಬಳಿಕ ಹೊಸೂರು ಸೀಮೆಯ ಮೇಷ್ಟ್ರೊಬ್ಬ ಈ ಎರಡನ್ನೂ ಬೆರೆಸಿಕೊಂಡಾನೆಂದು ಅವರಿಗೆ ಹೇಗೆ ತಿಳಿಯಬೇಕು!

ಇನ್ನು ಸ್ಥಾನಸಂವೇದಕದ ವಿಷಯ. ಅವರು ತಂದಿದ್ದುದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕರಿಯ ಪ್ಲಾಸ್ಟಿಕ್ ಡಬ್ಬಿ. ದ್ವಿಚಕ್ರ ವಾಹನದ ಆಕ್ಸಿಲರೇಟರನ್ನು ತಿರುಗಿಸಿದಾಗ ಗಾಳಿಯ ಬಾಗಿಲು ಎಷ್ಟು ತೆರೆಯಿತೆಂದು ವಾಹನದ ಕಂಪ್ಯೂಟರಿಗೆ ತಿಳಿಸುವುದು ಇದರ ಕೆಲಸ. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮಗಳು ಜಾರಿಗೆ ಬಂದು, ಕಾರ್ಬ್ಯುರೇಟರ್ ಹೋಗಿ ಇಂಧನವನ್ನು ಚಿಮ್ಮಿಸುವ ವ್ಯವಸ್ಥೆ ಬಂದ ಮೇಲೆ, ಮೊದಲು ಕಾರುಗಳಲ್ಲಿದ್ದ ಈ ಡಬ್ಬಿ ಸಾಮಾನ್ಯ ಮೋಟಾರ್ ಸೈಕಲ್ಲಿಗೂ ಇಳಿದುಬಂತು. ಮುಚ್ಚಳ ತೆಗೆದು ತೋರಿಸಿದರು. ಒಳಗೆ ಕಂಡದ್ದು ನನ್ನ ಹಳೆಯ ರಿಯೋಸ್ಟಾಟಿನ ಮರಿಮಗು! ಪಿಂಗಾಣಿಯ ಮೇಲಿನ ತಂತಿಯ ಬದಲಿಗೆ ಕಮಾನಿನಂತೆ ಬಾಗಿದ ಕರಿಯ ಪಟ್ಟಿ. ಅದರ ಮೇಲೆ ಸರಿದಾಡುವ, ಕೂದಲಿನಷ್ಟು ತೆಳ್ಳಗಿನ ಲೋಹದ ಬೆರಳುಗಳು. ಕಾರ್ಖಾನೆಯವರು ಪಟ್ಟಿಯನ್ನು ಟ್ರ್ಯಾಕ್ ಎಂದೂ ಬೆರಳುಗಳನ್ನು ವೈಪರ್ ಎಂದೂ ಕರೆಯುತ್ತಾರೆ. ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಕರಕರ ಎನ್ನುತ್ತಿತ್ತಲ್ಲ, ಅದೂ ಇದೇ ಜಾತಿ.

ಮೂರು ತಂತಿಗಳು. ಪಟ್ಟಿಯ ಒಂದು ತುದಿಗೆ 5 ವೋಲ್ಟ್, ಇನ್ನೊಂದು ತುದಿಗೆ ಸೊನ್ನೆ, ನಡುವಿನ ಬೆರಳಿಗೆ ಮೂರನೆಯ ತಂತಿ. ಬೆರಳು ಪಟ್ಟಿಯ ಮಧ್ಯದಲ್ಲಿದ್ದರೆ ಅದರಲ್ಲಿ ಎರಡೂವರೆ ವೋಲ್ಟ್. ಹೀಗೆ ವೋಲ್ಟನ್ನು ಅಳೆದು ಸ್ಥಾನವನ್ನು ತಿಳಿಯುವುದು. ಅವರ ಡಬ್ಬಿಯಲ್ಲಿ ಬಾಗಿಲು ಮುಚ್ಚಿದಾಗ ಅರ್ಧ ವೋಲ್ಟ್, ಪೂರ್ತಿ ತೆರೆದಾಗ ನಾಲ್ಕೂವರೆ ವೋಲ್ಟ್ ಬರುವಂತೆ ಮಾಡಿದ್ದಾರೆ. ಸೊನ್ನೆಯೋ ಐದೋ ಬಂದರೆ ತಂತಿ ತುಂಡಾಗಿದೆ ಅಥವಾ ತಗುಲಿಕೊಂಡಿದೆ ಎಂದು ಕಂಪ್ಯೂಟರಿಗೆ ತಿಳಿಯಲೆಂದು. ಈ ಜಾಣತನ ನನಗೆ ಬಹಳ ಹಿಡಿಸಿತು.

ವಿವರ ಹಾಳೆಯಲ್ಲಿ ಪಟ್ಟಿಯ ರೋಧ 5000 ಓಮ್, ತಾಳಿಕೆ 1 ವಾಟ್ ಎಂದಿತ್ತು. ಕಾಗದ ತೆಗೆದುಕೊಂಡು ನಾನೇ ಲೆಕ್ಕ ಹಾಕಿದೆ, ಹಳೆಯ ಚಟ. ಐದು ವೋಲ್ಟನ್ನು ಐದು ಸಾವಿರ ಓಮಿನಿಂದ ಭಾಗಿಸಿದರೆ ಒಂದು ಮಿಲಿ ಆಂಪಿಯರ್. ಅದನ್ನು ಐದರಿಂದ ಗುಣಿಸಿದರೆ ಐದು ಮಿಲಿ ವಾಟ್. ಅಂದರೆ ತಾಳಬಲ್ಲದ್ದರಲ್ಲಿ ಇನ್ನೂರರ ಒಂದು ಪಾಲು ಮಾತ್ರ ಅದರ ಮೇಲೆ ಬೀಳುತ್ತಿದೆ. ಒಂದು ವಾಟ್ ಹುಟ್ಟಬೇಕಾದರೆ ಎಪ್ಪತ್ತು ವೋಲ್ಟಿಗೂ ಮೇಲೆ ಕೊಡಬೇಕು. ‘ಇನ್ನೂರು ಪಟ್ಟು ಏಕಪ್ಪಾ? ಸೇರು ಹಿಡಿಯುವ ಕಡೆ ಪಲ್ಲ ಇಟ್ಟಂತಾಯಿತಲ್ಲ!’ ಎಂದೆ.

ಅವರು ಹಾಳೆಯ ಕೆಳಗಿನ ಒಂದು ಚಿತ್ರವನ್ನು ತೋರಿಸಿದರು. ಒಂದು ಗೆರೆ ಸ್ವಲ್ಪ ದೂರ ನೇರವಾಗಿ ಹೋಗಿ ಆಮೇಲೆ ಇಳಿಜಾರಾಗಿ ನೆಲಕ್ಕೆ ಮುಟ್ಟುತ್ತಿತ್ತು. ಸುತ್ತಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಇರುವವರೆಗೆ ಮಾತ್ರ ಒಂದು ವಾಟ್. ಅಲ್ಲಿಂದ ಮುಂದೆ ಒಂದೇ ಸಮನೆ ಇಳಿದು, 80 ಡಿಗ್ರಿಯಲ್ಲಿ ಅರ್ಧ ವಾಟ್, 100 ಡಿಗ್ರಿಯಲ್ಲಿ ಕಾಲು ವಾಟ್, 120 ಡಿಗ್ರಿಯಲ್ಲಿ ಸೊನ್ನೆ. ಕಾರಣ ಸರಳ. ಶಾಖ ಬಿಸಿಯಿಂದ ತಂಪಿನ ಕಡೆಗೆ ಮಾತ್ರ ಹರಿಯುತ್ತದೆ. ಪಟ್ಟಿ 120 ಡಿಗ್ರಿಗಿಂತ ಹೆಚ್ಚು ಕಾಯಬಾರದೆಂದಿದ್ದು, ಸುತ್ತಲಿನ ಗಾಳಿಯೇ 120 ಡಿಗ್ರಿ ಕಾದಿದ್ದರೆ, ಪಟ್ಟಿಯಲ್ಲಿ ಹುಟ್ಟಿದ ಶಾಖ ಹೋಗುವುದಾದರೂ ಎಲ್ಲಿಗೆ? ಬೆಳಗಿನ ತಂಪಿನಲ್ಲಿ ಮೂರು ಮೂಟೆ ಹೊರುವ ಆಳು ನೆತ್ತಿಯ ಬಿಸಿಲಿನಲ್ಲಿ ಒಂದೂವರೆಗೆ ಸುಸ್ತಾಗುತ್ತಾನೆ. ಈ ಡಬ್ಬಿ ಕೂರುವುದು ಎಂಜಿನ್ನಿನ ಪಕ್ಕದಲ್ಲಿ. ಹೆಸರಿಗೆ ಒಂದು ವಾಟ್ ಎಂದಿದ್ದರೂ ಅದು ದುಡಿಯುವ ಜಾಗದಲ್ಲಿ ಅದರ ಬೆಲೆ ಅಷ್ಟಿಲ್ಲ. ಅಲ್ಲದೆ ತಾಳಿಕೆಯ ಅಂಚಿನಲ್ಲಿ ದುಡಿಸಿದ ಪಟ್ಟಿ ಸುಡದಿದ್ದರೂ ಬಿಸಿಯಾಗಿಯೇ ಇರುತ್ತದೆ. ಬಿಸಿಯಾದದ್ದು ಬೇಗ ಸವೆಯುತ್ತದೆ. ಅರ್ಧ ವಾಟಿನ ರೋಧಕಕ್ಕೆ ಪೂರ್ತಿ ಅರ್ಧ ವಾಟ್ ಕೊಟ್ಟು ಬೆರಳಿಟ್ಟು ನೋಡಿದವರಿಗೆ ಇದು ಗೊತ್ತು, ಬೆರಳು ಸುಡುತ್ತದೆ.

ಈಗ ಉಜ್ಜುವ ಬೆರಳೇ ಇಲ್ಲದ, ಅಯಸ್ಕಾಂತದ ಬಲದಿಂದ ಸ್ಥಾನವನ್ನು ತಿಳಿಯುವ ಸಂವೇದಕಗಳೂ ಬಂದಿವೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಅವುಗಳಿಗೆ ಆಧಾರ. ಅವುಗಳ ಹಾಳೆಯಲ್ಲಿ 5 ವೋಲ್ಟ್, 10 ಮಿಲಿ ಆಂಪಿಯರ್ ಎಂದು ಬರೆದಿದ್ದರೆ ಅದು ಸಂವೇದಕ ತನ್ನ ಒಳಗಿನ ಚಿಪ್ಪಿಗಾಗಿ ಬಳಸುವ ಐವತ್ತು ಮಿಲಿ ವಾಟ್, ಮತ್ತೆ ಊಟದ ಲೆಕ್ಕ. ಹೊರೆಯ ಮಿತಿ ಅಲ್ಲಿ ಬೇರೆ ಸಾಲಿನಲ್ಲಿರುತ್ತದೆ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ವಾಟಿಗೆ ವಾಟನ್ನು ಹೋಲಿಸಿದರೆ ನನ್ನಂತೆಯೇ ಮೋಸಹೋಗಬೇಕಾಗುತ್ತದೆ.

ಇಷ್ಟಾದ ಮೇಲೆ ಅವರು, ‘ಇದನ್ನು ಸುಡುವುದು ಕಷ್ಟ ಸಾರ್, ಆದರೂ ಹೊಸ ಹುಡುಗರು ಸುಡುತ್ತಾರೆ’ ಎಂದರು. ಹೇಗೆಂದು ಕೇಳಿದೆ. ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿ, ಐದು ವೋಲ್ಟನ್ನು ಪಟ್ಟಿಯ ತುದಿಗೆ ಕೊಡುವ ಬದಲು ಸರಿದಾಡುವ ಬೆರಳಿಗೆ ಕೊಟ್ಟುಬಿಡುತ್ತಾರೆ. ಬೆರಳು ಸೊನ್ನೆಯ ತುದಿಯಿಂದ ದೂರವಿರುವವರೆಗೆ ಏನೂ ಆಗುವುದಿಲ್ಲ. ಅದು ಆ ತುದಿಗೆ ಸಮೀಪಿಸಿ, ನಡುವೆ ಪಟ್ಟಿಯ ನೂರನೆಯ ಒಂದು ಭಾಗ, ಅಂದರೆ ಐವತ್ತು ಓಮ್, ಮಾತ್ರ ಉಳಿದಿದೆ ಎನ್ನೋಣ. ಐದು ವೋಲ್ಟಿಗೆ ಐವತ್ತು ಓಮ್. ನೂರು ಮಿಲಿ ಆಂಪಿಯರ್ ಹರಿಯುತ್ತದೆ. ಬೆರಳು ತಾಳುವುದು ಹೆಚ್ಚೆಂದರೆ ಹತ್ತು ಮಿಲಿ ಆಂಪಿಯರ್ ಎಂದು ಹಾಳೆಯಲ್ಲಿಯೇ ಇದೆ. ಹುಟ್ಟುವ ಶಾಖ ಅರ್ಧ ವಾಟ್.

‘ಅರ್ಧ ವಾಟ್ ತಾನೆ? ತಾಳಿಕೆ ಒಂದು ವಾಟ್ ಇದೆಯಲ್ಲ!’ ಎಂದೆ.

‘ಒಂದು ವಾಟ್ ಇಡೀ ಪಟ್ಟಿಗೆ ಸಾರ್. ಶಾಖ ಹುಟ್ಟುವುದು ಪಟ್ಟಿಯ ನೂರನೆಯ ಒಂದು ಭಾಗದಲ್ಲಿ. ಆ ಭಾಗದ ಪಾಲಿಗೆ ಬರುವುದು ವಾಟಿನಲ್ಲಿ ನೂರನೆಯ ಒಂದು ಭಾಗ ಮಾತ್ರ. ಐವತ್ತು ಪಟ್ಟು ಹೆಚ್ಚಾಯಿತು. ನಾಲ್ಕು ಜನ ಹೊರುವ ಪಲ್ಲಕ್ಕಿಯನ್ನು ಒಬ್ಬನ ಹೆಗಲ ಮೇಲೆ ಬಿಟ್ಟ ಹಾಗೆ.’

ನನ್ನ ಕೈಯಲ್ಲಿದ್ದ ಪೆನ್ಸಿಲು ನಿಂತಿತು. ಅವರೂ ಮುಂದೆ ಮಾತಾಡಲಿಲ್ಲ. ಒಳಗಿನಿಂದ ಮನೆಯಾಕೆ ಕಾಫಿ ತಂದಿಟ್ಟದ್ದು, ಅದು ಆರಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಅದೇ ಕಾಗದದ ಹಿಂಬದಿಯಲ್ಲಿ 1983ರ ಲೆಕ್ಕವನ್ನು ಮಾಡಿದೆ. ಹುಡುಗ ಗುಂಡಿ ನಿಲ್ಲಿಸಿದ್ದು ತುದಿಯಿಂದ ಅರ್ಧ ಸೆಂಟಿಮೀಟರಿನಲ್ಲಿ. ಅಲ್ಲಿ ಉಳಿದದ್ದು ಸುಮಾರು ಎರಡು ಓಮ್. ಬಲ್ಬಿನ ರೋಧವನ್ನೂ ಸೇರಿಸಿದರೆ ಹರಿದ ವಿದ್ಯುತ್ತು ಹತ್ತಿರ ಹತ್ತಿರ 2.7 ಆಂಪಿಯರ್. ಅದರ ವರ್ಗವನ್ನು ಎರಡರಿಂದ ಗುಣಿಸಿದರೆ, ಆ ನಾಲ್ಕಾರು ಸುತ್ತುಗಳಲ್ಲಿ ಹುಟ್ಟಿದ ಶಾಖ ಸುಮಾರು 15 ವಾಟ್. ಅವುಗಳ ಪಾಲಿಗಿದ್ದದ್ದು, ಒಂದು ಆಂಪಿಯರಿನ ವರ್ಗ ಗುಣಿಸು ಎರಡು ಓಮ್, ಎರಡು ವಾಟ್. ನೂರು ವಾಟ್ ಎಂದು ನಾನು ನೆಮ್ಮದಿಯಿಂದ ಮಲಗಿದ್ದೆನಲ್ಲ, ಅದು ಇಡೀ ಕೊಳವೆಯ ತಂತಿಗೆ ಸೇರಿದ್ದು. ಮೂಲತಃ ಅಲ್ಲಿ ವಾಟಿನ ಲೆಕ್ಕವೇ ಬೇಕಿರಲಿಲ್ಲ. ಗುಂಡಿ ಎಲ್ಲಿಯೇ ಇರಲಿ, ತಂತಿಯ ಯಾವ ಭಾಗದಲ್ಲಿಯೂ ಒಂದು ಆಂಪಿಯರಿಗಿಂತ ಹೆಚ್ಚು ಹರಿಯಬಾರದು. ಆ ಒಂದು ಆಂಪಿಯರನ್ನು ತಯಾರಕರು ತಗಡಿನ ಮೇಲೆ ಅಚ್ಚು ಹಾಕಿ ಕೊಟ್ಟಿದ್ದರು. ನಾನು ಅದನ್ನು ಓದಿ, ಗುಣಿಸಿ, ಕೆಡಿಸಿದೆ.

ಇನ್ನೂ ಒಂದು ಸಂಗತಿ ಆ ಕಾಗದದ ಮೇಲೆ ಮೂಡಿತು. ಹುಡುಗ ಗುಂಡಿಯನ್ನು ತೀರಾ ಕೊನೆಗೆ ಬಡಿದಿದ್ದರೆ, ವಿದ್ಯುತ್ತು ತಂತಿಯ ಗೊಡವೆಗೇ ಹೋಗದೆ ಹಿತ್ತಾಳೆಯ ಸರಳಿನಿಂದ ನೇರ ತುದಿಯ ಮೊಳೆಗೆ ಹರಿದು, ಬಲ್ಬು ಪೂರ್ಣ ಬೆಳಗಿ, ತಂತಿ ಉಳಿಯುತ್ತಿತ್ತು. ಕೊನೆಗೆ ಬಡಿಯಬೇಡ, ಸ್ವಲ್ಪ ಹಿಂದೆ ನಿಲ್ಲಿಸು ಎಂದವನು ನಾನು. ಅವನು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ಅದು ಸುಟ್ಟಿತು.

‘ನಿನಗೆ ಇದು ಯಾವಾಗ ತಿಳಿಯಿತು?’ ಎಂದು ಕೇಳಿದೆ.

‘ಐ.ಟಿ.ಐ.ಯ ಎರಡನೆಯ ವರ್ಷದಲ್ಲಿ ಸಾರ್. ಅಲ್ಲಿ ರಿಯೋಸ್ಟಾಟಿನ ಪಾಠ ಬಂದ ದಿನ.’

‘ಆಗಲೇ ಬಂದು ಹೇಳಬಹುದಾಗಿತ್ತಲ್ಲಪ್ಪಾ. ಏಕೆ ಹೇಳಲಿಲ್ಲ?’

ಅವರು ಡಬ್ಬಿಯ ಮುಚ್ಚಳವನ್ನು ಮುಚ್ಚುತ್ತಾ ಹೇಳಿದರು: ‘ನಿಮಗೆ ಹೇಳುವುದಕ್ಕೆ ಭಯವೇನೂ ಇರಲಿಲ್ಲ ಸಾರ್. ಅಪ್ಪನಿಗೆ ಹೇಳಬೇಕು ಅನ್ನಿಸುತ್ತಿತ್ತು. ಆದರೆ ಮೇಷ್ಟ್ರು ತಪ್ಪು ಮಾಡಿದ್ದರು ಅಂದರೆ ಅವರು ನಂಬುತ್ತಿರಲಿಲ್ಲ. ನಾನು ಇಷ್ಟು ವರ್ಷ ಆದ ಮೇಲೂ ತಪ್ಪಿಸಿಕೊಳ್ಳುವುದಕ್ಕೆ ನೋಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ಹೋದರಲ್ಲ, ಆರು ವರ್ಷ ಆಯಿತು.’

ನಲವತ್ತು ರೂಪಾಯಿಯನ್ನು ಹಿಂದಿರುಗಿಸುವ ಮಾತೆತ್ತಿದಾಗ ಅವರು ನಕ್ಕುಬಿಟ್ಟರು. ಮರುವಾರ ಶಾಲೆಗೆ ಹೋಗಿ ಈಗಿನ ಮುಖ್ಯೋಪಾಧ್ಯಾಯಿನಿಯವರಿಗೆ ಎಲ್ಲವನ್ನೂ ತಿಳಿಸಿ, ಹಳೆಯ ದಾಸ್ತಾನು ಪುಸ್ತಕವನ್ನು ತೆಗೆಸಿದೆ. ಗೆದ್ದಲು ಅಂಚನ್ನು ತಿಂದಿತ್ತು, ನನ್ನ ಅಕ್ಷರಗಳನ್ನು ತಿಂದಿರಲಿಲ್ಲ. ಅವರ ಅನುಮತಿ ಪಡೆದು, ಹಳೆಯ ಸಾಲನ್ನು ಓದುವಂತೆಯೇ ಬಿಟ್ಟು, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: ‘ಶಿಕ್ಷಕರ ಲೆಕ್ಕದ ತಪ್ಪಿನಿಂದ ಸುಟ್ಟಿದೆ. ವಿದ್ಯಾರ್ಥಿ ನಿರಪರಾಧಿ.’ ಸಹಿ ಹಾಕಿ ತಾರೀಕು ಬರೆದೆ. ನಿವೃತ್ತನಾದವನು ದಾಖಲೆ ತಿದ್ದುವುದು ಕ್ರಮವಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಅದಕ್ಕೆ ನಾನೇ ಜವಾಬ್ದಾರಿ.

ಪವರ್ ರೇಟಿಂಗ್ ಎಂಬುದಕ್ಕೆ ನಾವಿಬ್ಬರೂ ಕೂಡಿ ‘ಶಾಖ ತಾಳಿಕೆಯ ಮಿತಿ’ ಎಂದು ಬರೆಯುವುದಾಗಿ ತೀರ್ಮಾನಿಸಿದ್ದೇವೆ. ಪದಕೋಶದವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಎಂಟನೆಯ ತರಗತಿಯ ಮಕ್ಕಳಿಗೆ ಅರ್ಥವಾಗುತ್ತದೆ. ಮಹೋತ್ಸವದ ವಸ್ತುಪ್ರದರ್ಶನದಲ್ಲಿ ಒಂದೇ ಮೇಜಿನ ಮೇಲೆ ಸುಟ್ಟ ರಿಯೋಸ್ಟಾಟ್, ಅದರ ಪಕ್ಕದಲ್ಲಿ ಮುಚ್ಚಳ ತೆಗೆದ ಸಂವೇದಕ, ನಡುವೆ ಲೆಕ್ಕ ಬರೆದ ರಟ್ಟು ಇರುತ್ತವೆ. ಹೊಸ ರಿಯೋಸ್ಟಾಟ್ ಒಂದನ್ನು ಅವರೇ ತಂದುಕೊಡುತ್ತಾರಂತೆ, ಹತ್ತು ಓಮ್, ಐದು ಆಂಪಿಯರಿನದು. ಆ ಬಲ್ಬಿಗೆ ಅದೇ ಸರಿಯಾದದ್ದು. ದೀಪ ಬೆಳಗಿಸುವ ಪ್ರಯೋಗವನ್ನು ಮತ್ತೊಮ್ಮೆ ಮಾಡೋಣವೆಂದು ನಾನು ಕೇಳಿದ್ದಕ್ಕೆ ಒಪ್ಪಿಕೊಂಡಿದ್ದಾರೆ.

‘ಆದರೆ ಈ ಸಲ ಗುಂಡಿ ನೀವು ಸರಿಸಬೇಕು ಸಾರ್. ನಾನು ಪಕ್ಕದಲ್ಲಿ ನಿಂತುಕೊಂಡು ಹೇಳುತ್ತೇನೆ.’